ಬೀಗ ಹಾಕಿದ ಅಂಗಡಿಯಲ್ಲಿ ಆರು ಗಂಟೆಗೆ

ಬಿಟ್ಟಿ ಕೊಡುವವರನ್ನು ಕಂಡರೆ ದುರ್ಗಿಗುಡಿಯ ಶಿವಯೋಗಪ್ಪನಿಗೆ ಆಗುತ್ತಿರಲಿಲ್ಲ. ಅವನ ಡಿಟಿಪಿ ಅಂಗಡಿಯಲ್ಲಿ ಉಳಿದ ಕಂಪ್ಯೂಟರುಗಳ ಕೆಲಸವನ್ನೆಲ್ಲ ಒಂದೇ ಕಡೆ ಕೂಡಿಡುವ ಸರ್ವರ್ ಇತ್ತು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವ ಪುಷ್ಪಾ ಅದನ್ನು ನಡೆಸಲು ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿದ್ದಳು. ಅದು ಕಂಪ್ಯೂಟರ್ ಮಾಸಪತ್ರಿಕೆಯ ಜೊತೆ ಸಿ.ಡಿ.ಯಲ್ಲಿ ಬಂದದ್ದಂತೆ, ಯಾರು ಬೇಕಾದರೂ ಹಾಕಿಕೊಳ್ಳಬಹುದಂತೆ. ಸರ್ವರ್ ನೋಡಿಕೊಳ್ಳುವುದನ್ನು ಪುಸ್ತಕ ಓದಿ ತಾನೇ ಕಲಿಯುತ್ತಿದ್ದಳು. ಕಪ್ಪು ಪರದೆಯ ಮೇಲೆ ಅವಳು ಬಡಿಯುವ ಒಂದಕ್ಷರವೂ ಅವನಿಗೆ ತಿಳಿಯದು. ಒಳಗಿರುವುದೋ ಶಾಲೆಗಳ ಪ್ರಶ್ನೆಪತ್ರಿಕೆ. ಒಂದು ಹೊರಬಿದ್ದರೂ ಅಂಗಡಿ ಮುಳುಗಿದಂತೆ.

ಆಯುಧಪೂಜೆಗೆ ಎಲ್ಲ ಆರಿಸಿ ಕುಂಕುಮ ಹಚ್ಚುವಾಗ, ಸರ್ವರ್ ಮಾತ್ರ ಆರಿಸಬೇಡಿ ಅಂದಳು ಪುಷ್ಪಾ. ಅಲ್ಲೇ ಅವನ ಮೂಗಿಗೆ ಅನುಮಾನದ ವಾಸನೆ ಬಡಿಯಿತು. ಪೂಜೆಗಿಟ್ಟ ಆಯುಧವನ್ನು ಮರುದಿನ ಮಂಗಳಾರತಿ ಆಗುವ ತನಕ ಯಾರೂ ಮುಟ್ಟುವಂತಿಲ್ಲ. ಸರ್ವರ್ ಒಂದನ್ನು ಆರಿಸದೆ ಬಿಟ್ಟು, ತಾನೇ ಬೀಗ ಹಾಕಿಕೊಂಡು ಹೋದ.

ಮರುದಿನ ಬಾಗಿಲು ತೆಗೆದರೆ, ದಿನಾ ಪುಷ್ಪಾ ಒಬ್ಬಳೇ ನೋಡುವ ಸರ್ವರಿನ ಪರದೆಯ ಮೇಲೆ ಒಂದು ಸಾಲು: ಬೆಳಗ್ಗೆ ಆರು ಗಂಟೆಗೆ ಹದಿನಾಲ್ಕು ಪ್ರಶ್ನೆಪತ್ರಿಕೆ ನಕಲಾಗಿವೆ. ಕೀಲಿಕೈ ಅವನ ಸೊಂಟದಲ್ಲೇ ಇತ್ತು. ತಮ್ಮ ಪ್ರಶ್ನೆಪತ್ರಿಕೆಯ ಅಚ್ಚಿನ ತಪ್ಪು ತಿದ್ದಲು ಬಂದಿದ್ದ ಹೊಳಲೂರಿನ ಹೆಡ್‌ಮಾಸ್ಟರ್ ಕೆಂಚಪ್ಪನವರ ಎದುರಿಗೇ ಪುಷ್ಪಾಳ ಮೇಲೆ ಹಾರಿಬಿದ್ದ.

"ಭದ್ರಾವತೀಲಿ ಕೂತೇ ಇಲ್ಲಿಗೆ ಕೈ ಚಾಚ್ತೀಯೇನೇ ಕಳ್ಳಿ?"

ಹೆಡ್‌ಮಾಸ್ಟರು ತಮ್ಮ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದು ಹೋದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿಯಲ್ಲ ಪುಷ್ಪಾ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿ ಉಳಿಯಲಿ ಅಂತ ದಿನಾ ಬೆಳಗ್ಗೆ ಆರಕ್ಕೆ ಸರ್ವರೇ ನಕಲು ಮಾಡಿಕೊಳ್ಳುವಂತೆ ತಾನು ಬರೆದಿಟ್ಟಿದ್ದನ್ನು ತೋರಿಸಿದಳು. ಅವನು ನಂಬಲಿಲ್ಲ. ಹಾಗಾದರೆ ನಾಳೆ ಹೊರಗಿನವರು ಒಳಬರಲು ದಾರಿಯಾದ ಇಂಟರ್ನೆಟ್ಟಿನ ಫೋನ್ ವೈರನ್ನೇ ಕಿತ್ತು ಕೈಯಲ್ಲಿ ಹಿಡಿದು ನೀವೇ ಕೂತು ನೋಡಿ ಅಂದು ಹೊರಟುಹೋದಳು.

ಕೂತ. ಮೇಜಿನ ಕೆಳಗೂ ಬಗ್ಗಿ ನೋಡಿದ. ವೈರು ಅವನ ಮುಷ್ಟಿಯಲ್ಲಿತ್ತು, ಬಾಗಿಲಿಗೆ ಒಳಗಿನ ಚಿಲಕ. ಸರಿಯಾಗಿ ಆರಕ್ಕೆ ಸರ್ವರಿನ ಕೆಂಪು ದೀಪ ಮಿಣುಕಿತು. ಹದಿನಾಲ್ಕೂ ನಕಲಾದವು. ಅಷ್ಟಾದರೂ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿದ.

ಒಂಬತ್ತಕ್ಕೆ ಪುಷ್ಪಾ ಬಂದಾಗ ಕಾಫಿ ತರಿಸಲೇ ಅಂದ. ಅವಳು ಕೂರಲಿಲ್ಲ.

"ಕಳ್ಳಿ ಅಂದಿದ್ದು ಹೆಡ್‌ಮಾಸ್ಟರ ಎದುರಿಗೆ ಸಾರ್. ಅಲ್ಲ ಅನ್ನೋದನ್ನೂ ಅವರೆದುರಿಗೇ ಹೇಳಿ ಬನ್ನಿ. ಆಮೇಲೆ ಕೂತ್ಕೋತೀನಿ."

ನನ್ನ ಅಂಗಡೀಲಿ ನನಗೇ ಅಪ್ಪಣೆಯೇ ಎಂದು ಶಿವಯೋಗಪ್ಪನಿಗೆ ಮೈಯೆಲ್ಲ ಉರಿಯಿತು. ಫೋನ್ ಎತ್ತಿದ, ಇಟ್ಟ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಅವನಿಗೂ ಗೊತ್ತಿತ್ತು.

"ಅಂಗಡಿ ನೋಡ್ಕೋ" ಅಂದವನು ಚಪ್ಪಲಿ ಮೆಟ್ಟಿ, ಬೈದುಕೊಳ್ಳುತ್ತಲೇ ಹೊಳಲೂರಿನ ಬಸ್ಸಿಗೆ ನಡೆದ.