ಎಡ ಹೆಗಲ ಮೇಲಿನ ಪಟ್ಟೆ

ಕಾಲಿಗೆ ಕಬ್ಬಿಣದ ಸರಳು, ಬಲಗೈಗೆ ಪ್ಲಾಸ್ಟರು, ತಲೆಗೆ ಹದಿನಾಲ್ಕು ಹೊಲಿಗೆ. ಆದರೆ ಡ್ರೈವರನ ಹೆಂಡತಿಗೆ ಭಯ ಹುಟ್ಟಿಸಿದ್ದು ಇದ್ಯಾವುದೂ ಅಲ್ಲ, ಗಂಡನನ್ನು ಮಲಗಿಸಿದ್ದ ಕೋಣೆ. ಎ.ಸಿ. ಇತ್ತು, ಗೋಡೆಗೆ ಟಿವಿ ಇತ್ತು, ನೋಡಲು ಬಂದವರಿಗೆ ಸೋಫಾ ಇತ್ತು. ಬೆಳಗಾದರೆ ಯಜಮಾನರ ಮನೆಯಿಂದ ಸೇಬಿನ ಬುಟ್ಟಿ. ಇಪ್ಪತ್ತೆರಡು ವರ್ಷ ಅವರ ಕಾರು ಓಡಿಸಿದವನು ಜ್ವರದಲ್ಲಿ ಬೇಯುತ್ತಿದ್ದಾಗ ಹೇಗಿದ್ದೀಯ ಎಂದು ಕೇಳದವರು ಅವರು. ಈಗ ಎಲ್ಲಿಂದ ಕರುಳು ಚುರ್ರೆಂದಿತು?

"ಉಪಕಾರ ಮಾಡಿದ್ರೂ ಅನುಮಾನವೇನೇ ನಿಂಗೆ?" ಎಂದ ಗಂಡ.

"ಮಾಡ್ಲಿ. ಯಾಕೆ ಮಾಡ್ತಿದಾರೆ ಅಂತ ಕೇಳಬಾರ್ದಾ?"

ಅಪಘಾತದ ಗಳಿಗೆ ಡ್ರೈವರನ ತಲೆಯಿಂದ ಅಳಿಸಿಹೋಗಿತ್ತು. ಬೆಳಿಗ್ಗೆ ಕಾರು ಒರೆಸಿದ್ದು ನೆನಪಿದೆ. ಯಜಮಾನರ ಮಗ ಚಿಕ್ಕ ಯಜಮಾನರು ಬಂದಿದ್ದು ನೆನಪಿದೆ. ಆಮೇಲೆ ಕಣ್ಣುಬಿಟ್ಟಿದ್ದು ಆಸ್ಪತ್ರೆಯಲ್ಲೇ. ನಡುವೆ ಆದದ್ದನ್ನು ಹೇಳಿದವನು ಯಜಮಾನರ ಕಂಪನಿಯ ಮ್ಯಾನೇಜರು.

"ನೀನೇ ಓಡಿಸ್ತಿದ್ದೆ ಕಣಯ್ಯ. ರಸ್ತೆ ಗುಡಿಸ್ತಿದ್ದ ಹೆಂಗಸಿಗೆ ಗುದ್ದಿ ಕಂಬಕ್ಕೆ ಹೊಡೆದೆ. ಪುಣ್ಯಕ್ಕೆ ಚಿಕ್ಕವರು ಹಿಂದೆ ಕೂತಿದ್ರು, ಒಂದು ಗೀರೂ ಆಗ್ಲಿಲ್ಲ."

ಆ ಹೆಂಗಸು ಇದೇ ಆಸ್ಪತ್ರೆಯ ಕೆಳಗಿನ ಜನರಲ್ ವಾರ್ಡಿನಲ್ಲಿದ್ದಳು. ಒಂದು ಕಾಲು ಹೋಗಿತ್ತು. ಅದನ್ನು ಕೇಳಿದಂದಿನಿಂದ ಡ್ರೈವರನಿಗೆ ಊಟ ಸೇರುತ್ತಿರಲಿಲ್ಲ. ಮ್ಯಾನೇಜರು ಮಾತ್ರ ದಿನಕ್ಕೊಂದು ಸಲ ಕಾಗದ ಹಿಡಿದು ಬರುತ್ತಿದ್ದ. ತಪ್ಪು ನನ್ನದೇ ಎಂದು ಡ್ರೈವರನ ಹೆಸರಿನಲ್ಲಿ ಬರೆದ ಹೇಳಿಕೆ ಅದು.

"ಕೈ ಆಡ್ದೇ ಇದ್ರೆ ಹೆಬ್ಬೆಟ್ಟು ಸಾಕು."

"ಅವ್ರು ಓದಿದೋರು, ಹೆಬ್ಬೆಟ್ಟು ಒತ್ತಲ್ಲ," ಎಂದಳು ಹೆಂಡತಿ. "ಕೈ ವಾಸಿಯಾಗ್ಲಿ, ಸಹಿ ಮಾಡ್ತಾರೆ."

ಹನ್ನೆರಡನೆಯ ದಿನ ಅವಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಗಂಡನ ಎದೆ ಒರೆಸುತ್ತಿದ್ದಳು. ಎದೆಯ ಮೇಲೆ ಓರೆಯಾಗಿ ಬಿದ್ದಿದ್ದ ಅಗಲ ಪಟ್ಟೆ ಈಗ ಹಳದಿಗೆ ತಿರುಗಿತ್ತು.

"ಬೆಲ್ಟು ಒತ್ತಿದ ಗಾಯ ವಾಸಿಯಾಗ್ತಾ ಬಂತು. ಇನ್ನೆರಡು ದಿನಕ್ಕೆ ಗುರುತೂ ಇರಲ್ಲ."

"ಎಲ್ಲಿಂದ ಎಲ್ಲೀವರೆಗಿದೆ?"

"ಎಡ ಹೆಗಲಿಂದ ಬಲ ಸೊಂಟದವರೆಗೆ."

ಡ್ರೈವರ್ ಅವಳ ಕೈ ಹಿಡಿದುಕೊಂಡ. "ಬಲ ಹೆಗಲ ಮೇಲೆ?"

"ಏನೂ ಇಲ್ಲ. ಯಾಕ್ರೀ?"

"ಸ್ಟೇರಿಂಗ್ ಇರೋದು ಬಲಗಡೆ ಕಣೇ. ಓಡಿಸೋನಿಗೆ ಬೆಲ್ಟು ಬಲ ಹೆಗಲ ಮೇಲಿಂದ ಬರುತ್ತೆ. ಎಡ ಹೆಗಲ ಮೇಲೆ ಬರೋದು ಪಕ್ಕದ ಸೀಟಲ್ಲಿ ಕೂತೋನಿಗೆ."

ಹೆಂಡತಿ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಹಾಗಾದ್ರೆ ಓಡಿಸ್ತಿದ್ದಿದ್ದು ಆ ಮಹಾನುಭಾವ!"

ಡ್ರೈವರ್ ಬಿಕ್ಕಿ ಬಿಕ್ಕಿ ಅತ್ತ. ಹನ್ನೆರಡು ದಿನ ಮಾಡದ ಪಾಪ ಹೊತ್ತು ಬೆಂದಿದ್ದ. ಇಷ್ಟು ಅಚ್ಚುಕಟ್ಟಾಗಿ ಕಥೆ ಕಟ್ಟಿದ ಮ್ಯಾನೇಜರಿಗೆ ಈ ಪಟ್ಟೆಯೊಂದು ಹೊಳೆದಿರಲಿಲ್ಲ. ಜೀವಮಾನವಿಡೀ ಹಿಂದಿನ ಸೀಟಿನಲ್ಲಿ ಓಡಾಡಿದವನಿಗೆ ಮುಂದಿನ ಬೆಲ್ಟಿನ ಗೊಡವೆ ಎಲ್ಲಿಯದು!

"ಡಾಕ್ಟ್ರನ್ನ ಕರಿ, ಬರೆದುಕೊಳ್ಳಲಿ."

"ಈ ರೂಮಿಗೆ ದುಡ್ಡು ಕಟ್ತಿರೋರು ಯಾರು ಅಂತ ಮರೆತ್ರಾ?" ಹೆಂಡತಿ ಮೂಲೆಯಲ್ಲಿದ್ದ ಗಾಲಿಕುರ್ಚಿ ಎಳೆದಳು. "ಇದು ಅಳಿಸಿಹೋಗೋದ್ರೊಳಗೆ ತೋರಿಸ್ಬೇಕಾದೋರು ಕೆಳಗಿದಾರೆ. ನಡೀರಿ."

ಜನರಲ್ ವಾರ್ಡಿನಲ್ಲಿ ಆ ಹೆಂಗಸಿನ ಮಂಚದ ಸುತ್ತ ಏಳೆಂಟು ಜನ ನಿಂತಿದ್ದರು. ಎಲ್ಲರೂ ಕಸ ಗುಡಿಸುವ, ಸಾಗಿಸುವ ಕೆಲಸದವರು. ಕೆಲಸ ಮುಗಿಸಿ, ಸಮವಸ್ತ್ರದಲ್ಲೇ ಬಂದಿದ್ದರು. ಡ್ರೈವರನನ್ನು ಕಂಡದ್ದೇ ಅವರಲ್ಲಿ ಹಿರಿಯಳು ಅಡ್ಡ ಬಂದಳು.

"ಕಾಲು ತೆಗೆದಿದ್ದು ಸಾಲ್ದಾ? ಬಾಯಿ ಮುಚ್ಸೋಕೆ ಬಂದ್ಯಾ?"

ಡ್ರೈವರ್ ಎಡಗೈಯಲ್ಲಿ ತಡವರಿಸುತ್ತ ಅಂಗಿಯ ಗುಂಡಿ ಬಿಚ್ಚಿದ. ಹೆಂಡತಿ ಬೆಲ್ಟಿನ ವಿಷಯ, ಮ್ಯಾನೇಜರನ ಕಾಗದದ ವಿಷಯ ಒಂದೂ ಬಿಡದೆ ಹೇಳಿದಳು.

"ಚೆನ್ನಾಗಿ ಬಾಯಿಪಾಠ ಮಾಡಿಸಿ ಕಳ್ಸಿದಾರೆ," ಎಂದಳು ಹಿರಿಯಳು. ನಂಬುವುದಕ್ಕೆ ಅವಳಿಗೇನು ಕಾರಣವಿತ್ತು?

ಗುಂಪಿನಲ್ಲಿದ್ದ ಕಸದ ಲಾರಿಯ ಡ್ರೈವರ್ ಸ್ಟೂಲಿನ ಮೇಲೆ ಕೂತ. ಎರಡೂ ಕೈ ಮುಂದೆ ಚಾಚಿ ಸ್ಟೇರಿಂಗ್ ಹಿಡಿದಂತೆ ಮಾಡಿದ. ಆಮೇಲೆ ಇಲ್ಲದ ಬೆಲ್ಟನ್ನು ಬಲ ಹೆಗಲಿನಿಂದ ಎಳೆದು ಎಡ ಸೊಂಟದ ಬಳಿ ಸಿಕ್ಕಿಸಿದ. ಎದ್ದು ಬಂದು ಡ್ರೈವರನ ಎದೆಯ ಪಟ್ಟೆಯ ಮೇಲೆ ಬೆರಳಾಡಿಸಿದ.

"ಅಕ್ಕ, ಇವನು ಓಡಿಸಿಲ್ಲ. ಪಕ್ಕದಲ್ಲಿದ್ದ."

ಅಷ್ಟರಲ್ಲಿ ಮ್ಯಾನೇಜರು ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಇಲ್ಲೇನಯ್ಯ ನಿಂಗೆ ಕೆಲಸ? ಮೊದ್ಲು ಅಂಗಿ ಹಾಕ್ಕೋ!"

ಅದುವರೆಗೂ ಗೋಡೆ ನೋಡುತ್ತ ಮಲಗಿದ್ದ ಹೆಂಗಸು ಮೊಣಕೈ ಊರಿ ಎದ್ದು ಕೂತಳು.

"ಹಾಕ್ಕೋಬೇಡಣ್ಣ. ಕಿಟಕಿ ಕಡೆ ತಿರುಗು. ಒಬ್ಬೊಬ್ಬರಾಗಿ ಬಂದು ಎಲ್ರೂ ಸರಿಯಾಗಿ ನೋಡ್ಕೊಳ್ಲಿ. ನಾಳೆ ಸಾಕ್ಷಿ ಹೇಳ್ಬೇಕು."

ಒಬ್ಬಳು ಫೋನು ತೆಗೆದು ಫೋಟೋ ಹಿಡಿದಳು. ಉಳಿದವರು ಸಾಲಾಗಿ ನಿಂತರು. ಪಕ್ಕದ ಮಂಚಗಳಿಂದಲೂ ನಾಲ್ಕು ಜನ ಕುಂಟುತ್ತ ಬಂದು ಸೇರಿಕೊಂಡರು. ಮ್ಯಾನೇಜರು ನುಗ್ಗಲು ನೋಡಿದ. ಹಿರಿಯಳು ಕೈ ಅಡ್ಡ ಇಟ್ಟಳು.

"ನೋಡ್ಬೇಕಾದ್ರೆ ನೋಡಿ ಸಾರ್. ಸಾಲಿನ ಕೊನೇಲಿ ನಿಂತ್ಕೊಳ್ಳಿ."