ಎಡಗೆನ್ನೆಯ ಮೇಲೆ

"ಇನ್ನೊಂಚೂರು ದೊಡ್ಡದು ಮಾಡಪ್ಪ, ಮುಖ ಕಾಣಲಿ," ಎಂದರು ಮೀಟರಿನವರು.

ಪ್ರಿಂಟಿಂಗ್ ಅಂಗಡಿಯ ಡಿಸೈನರ್ ಪರದೆಯ ಮೇಲೆ ದೊಡ್ಡದು ಮಾಡಿದ. ಮುಖ ದೊಡ್ಡದಾಯಿತು, ಕಾಣುವುದು ಕಡಿಮೆಯಾಯಿತು. ಇನ್ನೂ ದೊಡ್ಡದು ಮಾಡಿದ. ಕಣ್ಣು, ಮೂಗು, ತುಟಿ ಎಲ್ಲ ಕರಗಿ ಬಚ್ಚಲುಮನೆಯ ಟೈಲ್ಸಿನ ಹಾಗೆ ಚೌಕ ಚೌಕವಾಗಿ ನಿಂತವು.

"ಇಷ್ಟೇ ಸಾರ್. ಇದರಲ್ಲಿ ರೆಸಲ್ಯೂಶನ್ ಇಲ್ಲ."

"ಅಂದ್ರೆ?"

"ಅಂದ್ರೆ, ಫೋಟೊ ತೆಗೆದಾಗ ಎಷ್ಟು ಬಿದ್ದಿದೆಯೋ ಅಷ್ಟೇ. ಹಿಗ್ಗಿಸಬಹುದು. ಇಲ್ಲದ್ದನ್ನ ಎಲ್ಲಿಂದ ತರಲಿ?"

ಮೀಟರಿನವರು ತಲೆಯಾಡಿಸಿದರು. ಮೂವತ್ತನಾಲ್ಕು ವರ್ಷ ಮನೆ ಮನೆ ತಿರುಗಿ ಕರೆಂಟಿನ ಮೀಟರ್ ಓದಿದವರು. ಯಾರ ಮನೆಯ ಮೀಟರು ಮೆಟ್ಟಿಲ ಕೆಳಗಿದೆ, ಯಾರದು ಕಡಿಯುವ ನಾಯಿಯ ಹಿಂದಿದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲರು. ಅವರ ಹೆಂಡತಿ ಮನೆ ಬಿಟ್ಟು ಹೊರಟು ಅಂದಿಗೆ ಎರಡನೆಯ ದಿನ. ಜಗಳವಲ್ಲ, ಮುನಿಸಲ್ಲ. ಒಂದು ವರ್ಷದಿಂದ ಆಕೆಗೆ ಮರೆವು. ಮೊದಮೊದಲು ಒಲೆ ಆರಿಸುವುದು ಮರೆಯುತ್ತಿದ್ದರು, ಆಮೇಲೆ ಬೀದಿ ಮರೆತರು, ಈಚೆಗೆ ಕೆಲವು ದಿನ ತಮ್ಮ ಹೆಸರನ್ನೇ ಮರೆಯುತ್ತಿದ್ದರು. ಗಂಡ ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು.

"ಬೇರೆ ಫೋಟೊ ಇಲ್ವಾ ಸಾರ್?"

"ಇವಳೇ ಅಲ್ವೇನಪ್ಪ ಮನೇಲಿ ಫೋಟೊ ತೆಗೆಯೋಳು. ಎಲ್ಲದರಲ್ಲೂ ನಾನಿದೀನಿ, ಮಗ ಇದಾನೆ, ಹೂವಿನ ಕುಂಡ ಇದೆ. ಇವಳಿಲ್ಲ."

ಗುರುತಿನ ಚೀಟಿಯನ್ನು ಆಕೆ ಎಲ್ಲಿಟ್ಟು ಮರೆತಿದ್ದರೋ, ಅದರ ಒಂದು ಜೆರಾಕ್ಸ್ ಮಾತ್ರ ತಂದಿದ್ದರು. ಅದರಲ್ಲಿ ಮುಖದ ಜಾಗದಲ್ಲಿ ಮಸಿ ಬಳಿದಂತಿತ್ತು. ಉಳಿದದ್ದು ಇದೊಂದೇ, ಅವರ ನಿವೃತ್ತಿಯ ದಿನ ಆಫೀಸಿನ ಯಾರೋ ಫೋನಿನಲ್ಲಿ ತೆಗೆದದ್ದು. ನಡುವೆ ಮೀಟರಿನವರು ಹೂಗುಚ್ಛ ಹಿಡಿದು ಗೋಡೆಯಂತೆ ನಿಂತಿದ್ದಾರೆ. ಸುತ್ತ ಸಹೋದ್ಯೋಗಿಗಳು. ತೀರ ತುದಿಯಲ್ಲಿ, ಯಾರದೋ ಭುಜದ ಹಿಂದೆ ಬಲಭಾಗ ಮರೆಯಾಗಿ, ಆಕೆ. ಕ್ಯಾಮೆರಾ ಹೂಗುಚ್ಛಕ್ಕೆ ಫೋಕಸ್ ಆಗಿತ್ತು. ಆಕೆ ಮಂಜಿನಲ್ಲಿ ನಿಂತವರ ಹಾಗಿದ್ದರು.

"ಇಲ್ಲಿಂದ ಕ್ರಾಪ್ ಮಾಡ್ತೀನಿ. ನಿಮ್ಮನ್ನೆಲ್ಲ ತೆಗೀಬೇಕಾಗುತ್ತೆ."

"ತೆಗಿ, ತೆಗಿ. ನಾನು ಇಲ್ಲೇ ಇದೀನಲ್ಲ."

ಡಿಸೈನರ್ ಕತ್ತರಿಸಿದ. ಆಕೆಯ ಎಡಗಿವಿ ಫೋಟೊದ ಅಂಚಿಗೇ ಅಂಟಿಕೊಂಡಿತ್ತು. ಹಾಳೆ ಕತ್ತರಿಸುವ ಬ್ಲೇಡು ಎಳ್ಳಷ್ಟು ಆಚೀಚೆ ಸರಿದರೂ ಬಿಳಿ ಗೆರೆ ಕಾಣಬಾರದೆಂದು ಚಿತ್ರವನ್ನು ಅಂಚಿನಾಚೆಗೂ ಮೂರು ಮಿಲಿಮೀಟರ್ ಚಾಚಿ ಇಡುವುದು ಅಚ್ಚಿನವರ ರೂಢಿ. ಅದಕ್ಕೆ ಬ್ಲೀಡ್ ಎನ್ನುತ್ತಾರೆ. ಇಲ್ಲಿ ಚಾಚೋಣವೆಂದರೆ ಕಿವಿಯ ಆಚೆ ಜಗತ್ತೇ ಇರಲಿಲ್ಲ. ಹತ್ತು ವರ್ಷದಿಂದ ಅವನು ಈ ಕುರ್ಚಿಯಲ್ಲಿ ಕೂತು ಅಂಗಡಿ ಉದ್ಘಾಟನೆ, ಟ್ಯೂಷನ್ ಕ್ಲಾಸು, ಚುನಾವಣೆಗೆ ನಿಂತವರ ಹಲ್ಲುಗಳು, ಎಲ್ಲವನ್ನೂ ಚಂದ ಮಾಡಿದ್ದಾನೆ. ಈ ಒಂದು ಮುಖಕ್ಕೆ ಮಾತ್ರ ಅವನ ಯಾವ ವಿದ್ಯೆಯೂ ನಾಟಲಿಲ್ಲ. ಕೊನೆಗೆ ಸುತ್ತ ಬಿಳಿ ಜಾಗ ಬಿಟ್ಟು ಕೂರಿಸಿದ.

ಕಾಣೆಯಾದವರ ಪೋಸ್ಟರಿಗೆ ಅವನ ಬಳಿ ಹೋದ ವರ್ಷದ ಒಂದು ಫೈಲಿತ್ತು. ಯಾವುದೋ ಬಡಾವಣೆಯ ಅಜ್ಜಿಯದು. ಪೋಸ್ಟರು ಅಂಟಿಸಿದ ನಾಲ್ಕೇ ದಿನಕ್ಕೆ ಆ ಅಜ್ಜಿ ಸಿಕ್ಕಿಬಿಟ್ಟಿದ್ದರು. ಅವರ ಮೊಮ್ಮಗಳು ಸಿಹಿಯ ಪೊಟ್ಟಣ ತಂದುಕೊಟ್ಟು ಹೋಗಿದ್ದಳು. ಅಂದಿನಿಂದ ಅದು ಕೈಗುಣದ ಫೈಲು. ಅದನ್ನೇ ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ಹಳೆಯದನ್ನು ಅಳಿಸುತ್ತಾ ಹೊಸದನ್ನು ತುಂಬುತ್ತಾ ಹೋದ. ಎಲ್ಲ ಡಿಸೈನರ್‌ಗಳೂ ಮಾಡುವುದು ಹಾಗೆಯೇ. ಬಿಳಿ ಹಾಳೆಯಿಂದ ಶುರು ಮಾಡುವವನು ಒಂದೋ ಹೊಸಬ, ಇಲ್ಲ ಕೆಲಸವಿಲ್ಲದವನು.

"ಎತ್ತರ?"

"ನನ್ನ ಭುಜಕ್ಕೆ ಬರ್ತಾಳೆ."

"ಬಟ್ಟೆ?"

"ಹಸಿರು ಸ್ವೆಟರ್. ಅದಂತೂ ಖಂಡಿತ. ಬೆಳಗ್ಗೆ ನಾನೇ ಗುಂಡಿ ಹಾಕಿದ್ದೆ. ಒಂದು ಗುಂಡಿ ಬೇರೆ ಬಣ್ಣದ್ದು."

"ಗುರುತು? ಗಾಯದ ಕಲೆ, ಹಚ್ಚೆ, ಅಂಥದ್ದು?"

ಮೀಟರಿನವರು ತಡವರಿಸಿದರು. "ಗುರುತು ಅಂದ್ರೆ... ನೋಡಿದ್ರೆ ಗೊತ್ತಾಗುತ್ತಪ್ಪ. ನಕ್ಕರೆ ಗೊತ್ತಾಗುತ್ತೆ."

"ಅದನ್ನ ಬರೆಯೋಕಾಗಲ್ಲ ಸಾರ್. ನೆನಪು ಮಾಡ್ಕೊಳ್ಳಿ, ಆ ಜಾಗ ಹಾಗೇ ಇಟ್ಟಿರ್ತೀನಿ," ಎಂದು ಡಿಸೈನರ್ ಫೋನ್ ನಂಬರಿಗೆ ಹೋದ. ಅಷ್ಟರಲ್ಲಿ ಅಂಗಡಿಯ ಯಜಮಾನರು ಕೌಂಟರಿನಿಂದ ಕೂಗಿ ಬೇರೇನೋ ಕೇಳಿದರು. ಮಷೀನಿನಲ್ಲಿ ಕಾಗದ ಸಿಕ್ಕಿಕೊಂಡಿತು. ವಾಪಸು ಬಂದವನು ತಪ್ಪು ನೋಡಲೆಂದು ಒಂದು ಪ್ರತಿ ಪ್ರೂಫ್ ತೆಗೆದು ಮೀಟರಿನವರ ಕೈಗಿಟ್ಟ.

ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡಿತ್ತು: 'ಪ್ರೂಫ್ ಓದಿ ಸಹಿ ಮಾಡಿದ ಮೇಲೆ ತಪ್ಪುಗಳಿಗೆ ನಾವು ಹೊಣೆಯಲ್ಲ.' ಮೀಟರಿನವರು ಅದನ್ನೂ ಓದಿದರು. ಆಮೇಲೆ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಪ್ರೂಫನ್ನು ಮೀಟರ್ ಓದುವಷ್ಟೇ ನಿಷ್ಠೆಯಿಂದ ಓದಿದರು. 'ಕಾಣೆಯಾಗಿದ್ದಾರೆ'ಯಲ್ಲಿ ಒಂದು ದೀರ್ಘ ಬಿಟ್ಟುಹೋದದ್ದು ಹಿಡಿದರು. ಫೋನ್ ನಂಬರನ್ನು ಮೂರು ಸಲ ತಾಳೆ ನೋಡಿದರು. ಕೆಳಗೆ 'ಸರಿ ಇದೆ' ಎಂದು ಬರೆದು ಸಹಿ ಹಾಕಿದರು. ಇನ್ನೂರು ಪ್ರತಿ ಬಿಸಿಬಿಸಿಯಾಗಿ ಬಂದವು. ಎದೆಗವಚಿಕೊಂಡು ಹೋದರು.

ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ಮತ್ತೆ ಬಂದರು. ಗಡ್ಡ ಬಂದಿತ್ತು. ಬೆರಳುಗಳಲ್ಲಿ ಅಂಟು ಒಣಗಿ ಸಿಪ್ಪೆ ಎದ್ದಿತ್ತು.

"ಇನ್ನೊಂದು ನೂರು ಹಾಕ್ಕೊಡಪ್ಪ. ಮಗ ಬಸ್ ಸ್ಟ್ಯಾಂಡುಗಳ ಕಡೆ ಅಂಟಿಸ್ತಿದಾನೆ, ಸಾಲ್ತಿಲ್ಲ."

"ಏನಾದ್ರೂ ಗೊತ್ತಾಯ್ತಾ ಸಾರ್?"

"ಫೋನುಗಳು ಬರ್ತವೆ. ಅರ್ಧ ತಮಾಷೆಗೆ ಮಾಡೋರು." ಸ್ಟೂಲಿನ ಮೇಲೆ ಕೂತರು. "ಇವತ್ತು ಬೆಳಗ್ಗೆ ಒಂದು ಬಂತು. ಬಸ್ಸಿನ ಕೊನೇ ಸ್ಟಾಪಿನಲ್ಲಿ ಕ್ಯಾಂಟೀನ್ ಇಟ್ಟಿರೋ ಹೆಣ್ಣುಮಗಳು. ಪಾಪ, ಒಳ್ಳೆಯವಳು. ಮೊನ್ನೆ ಅವಳ ಅಂಗಡಿ ಬೆಂಚಿನ ಮೇಲೆ ಒಬ್ಬರು ಬಂದು ಕೂತಿದ್ರಂತೆ. ಹಸಿರು ಸ್ವೆಟರ್ರೇ, ಗುಂಡಿ ಗಮನಿಸಲಿಲ್ಲವಂತೆ. ಹೆಸರು ಕೇಳಿದ್ರೆ ನಕ್ಕರಂತೆ. ನೀರು ಕೊಟ್ಟು, ಎದುರಿನ ಕಂಬದಲ್ಲಿದ್ದ ನಮ್ಮ ಪೋಸ್ಟರ್ ಕಿತ್ತು ತಂದು, ಪಕ್ಕಕ್ಕೆ ಹಿಡಿದು ನೋಡಿದಾಳೆ."

ಡಿಸೈನರ್‌ನ ಕೈ ಮೌಸಿನ ಮೇಲೆ ನಿಂತಿತು. "ಆಮೇಲೆ?"

"ಅವಳಲ್ಲ ಬಿಡು. ಮಚ್ಚೆ ಇರಲಿಲ್ಲವಂತೆ. ಬೇರೆ ಯಾರೋ ಅಂತ ಬಸ್ ಹತ್ತಿಸಿ ಕಳಿಸಿದಾಳೆ. ಆದ್ರೂ ಮನಸ್ಸು ತಡೀಲಿಲ್ಲ, ಒಂದು ಮಾತು ಹೇಳೋಣ ಅಂತ ಫೋನ್ ಮಾಡಿದ್ಲು."

"ಯಾವ ಮಚ್ಚೆ ಸಾರ್?"

"ಅದೇ, ಇದರಲ್ಲಿ ಬರೆದಿದೆಯಲ್ಲ." ಚೀಲದಿಂದ ಒಂದು ಪೋಸ್ಟರ್ ತೆಗೆದು ಬಿಡಿಸಿ ತೋರಿಸಿದರು. ಎತ್ತರದ ಕೆಳಗೆ, ಸ್ವೆಟರಿನ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ: 'ಗುರುತು: ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ.'

ಡಿಸೈನರ್ ಆ ಸಾಲನ್ನು ಎರಡು ಸಲ ಓದಿದ. ಅದು ಹೋದ ವರ್ಷದ ಅಜ್ಜಿಯ ಮಚ್ಚೆ. ಆ ಅಜ್ಜಿ ಸಿಕ್ಕಿದ್ದೇ ಅದರಿಂದ. ಹೆಸರು ಅಳಿಸಿದ್ದ, ವಯಸ್ಸು ಅಳಿಸಿದ್ದ, ಬಟ್ಟೆ ಅಳಿಸಿದ್ದ. 'ಆ ಜಾಗ ಹಾಗೇ ಇಟ್ಟಿರ್ತೀನಿ' ಎಂದಿದ್ದ, ಹಾಗೇ ಇಟ್ಟುಬಿಟ್ಟಿದ್ದ.

ಅವನು ಎದ್ದು ಕೌಂಟರಿಗೆ ಹೋದ. ಯಜಮಾನರಿಗೆ ಪಿಸುಮಾತಿನಲ್ಲಿ ಹೇಳಿದ. ಅವರು ಫೈಲಿನಿಂದ ಪ್ರೂಫ್ ಎಳೆದು, ಸಹಿ ನೋಡಿ, ಉಸಿರು ಬಿಟ್ಟರು.

"ಸಹಿ ಇದೆಯಲ್ಲ. ಬಾಯಿ ಮುಚ್ಕೊಂಡು ಆ ಸಾಲು ತೆಗೆದು ನೂರು ಹೊಡೆದುಕೊಡು. ಕೆಟ್ಟದ್ದನ್ನ ಕೆದಕಬೇಡ."

"ಆ ಹೆಂಗಸು ಬಸ್ ಹತ್ತಿ ಹೋದ್ರು ಯಜಮಾನ್ರೇ."

"ಅವರೇ ಅಂತ ಯಾರು ಹೇಳಿದ್ದು?" ಎಂದರು ಯಜಮಾನರು. ಆದರೆ ಸ್ಟೂಲಿನ ಕಡೆ ನೋಡಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೇನೋ. ಅವನಿಂದಾಗಲಿಲ್ಲ. ಅವನೇನು ಹರಿಶ್ಚಂದ್ರನಲ್ಲ, ದಿನಕ್ಕೆ ಹತ್ತು ಸಲ 'ಸಂಜೆಗೆ ರೆಡಿ' ಎಂದು ಸುಳ್ಳು ಹೇಳುವವನೇ. ಆದರೆ ಮೀಟರಿನವರು ಬೆರಳಿನ ಅಂಟು ಕೆರೆಯುತ್ತ, ಅವನನ್ನೇ ನಂಬಿ ಕೂತಿದ್ದರು. ಹೋಗಿ ಎದುರಿಗೆ ನಿಂತು ಎಲ್ಲ ಹೇಳಿದ.

ಬೈಯುತ್ತಾರೆ ಎಂದುಕೊಂಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತು. ಮೀಟರಿನವರು ಪೋಸ್ಟರನ್ನೇ ನೋಡುತ್ತಿದ್ದರು.

"ಹಾಗಾದ್ರೆ ಇವಳಿಗೆ ಮಚ್ಚೆ ಇಲ್ವಾ?" ಎಂದು ಕೇಳಿದರು.

"ನನಗೆ ಹೇಗೆ ಗೊತ್ತು ಸಾರ್? ನೀವೇ ಹೇಳಬೇಕು."

"ನೀನೇ ಬರೆದಿದ್ದೆಯಲ್ಲಪ್ಪ. ಓದಿದೆ. ಹೌದು, ಮಚ್ಚೆ ಅಂದ್ಕೊಂಡೆ. ನಾನು ಮರೆತದ್ದನ್ನ ನೀನು ಫೋಟೊ ನೋಡಿ ಹಾಕಿದೀಯ ಅಂದ್ಕೊಂಡೆ. ಕಂಪ್ಯೂಟರಿಗೆ ಕಾಣಿಸುತ್ತೇನೋ ಅಂತ."

ಪ್ರಶ್ನೆ ಒಂದೇ, ಸಾಸಿವೆಯಷ್ಟು. ಮಚ್ಚೆ ಇದ್ದರೆ ಬಸ್ ಹತ್ತಿ ಹೋದವರು ಬೇರೆ ಯಾರೋ. ಇಲ್ಲದಿದ್ದರೆ ಆಕೆಯೇ, ಕೈಗೆ ಸಿಕ್ಕಿದ್ದವರು, ನೀರು ಕುಡಿದು ನಕ್ಕವರು.

ಮೀಟರಿನವರು ಕಣ್ಣು ಮುಚ್ಚಿದರು. "ಒಂದು ವರ್ಷದಿಂದ ತಲೆ ಬಾಚೋನು ನಾನು. ಮುಖ ತೊಳೆಸೋನು ನಾನು. ಇರಲಿಲ್ಲ ಅನ್ಸುತ್ತೆ... ಆದ್ರೆ ನಾಲ್ಕು ದಿನದಿಂದ ಇದನ್ನೇ ಓದಿ ಓದಿ, ಕಂಡಕಂಡವರಿಗೆ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ರೆ ಮಚ್ಚೆ ಸಮೇತವೇ ಬರ್ತಾಳೆ. ಮೊದಲಿನ ಮುಖ ಎಲ್ಲಿ ಹೋಯ್ತೋ, ಬರ್ತಾನೇ ಇಲ್ಲ."

ಮಗನಿಗೆ ಫೋನ್ ಮಾಡಿದರು. ಬಸ್ಸುಗಳ ಗದ್ದಲದ ನಡುವೆ ಮಗನ ದನಿ ಅಂಗಡಿಗೆಲ್ಲ ಕೇಳಿಸಿತು.

"ಅಮ್ಮನ ಕೆನ್ನೆ ಮೇಲೆ ಮಚ್ಚೆ ಇದೆಯೇನೋ?"

"ಇದೆಯಲ್ಲಪ್ಪ. ಪೋಸ್ಟರಲ್ಲೇ ಇದೆ."

"ಪೋಸ್ಟರ್ ಬಿಡು. ನೀನು ನೋಡಿದೀಯಾ?"

ಆ ಕಡೆ ಒಂದು ಬಸ್ಸು ಹಾರನ್ ಹಾಕುತ್ತ ಹೋಯಿತು. "ಇದ್ದ ಹಾಗಿತ್ತು... ಬಲಗಡೆ ಇರಬೇಕು. ಯಾಕಪ್ಪ? ನೀನು ನೋಡಿಲ್ವಾ?"

"ನೀನು ಕೊನೇ ಸ್ಟಾಪಿಗೆ ಹೋಗು," ಎಂದರು ಮೀಟರಿನವರು. "ಮೊನ್ನೆ ಕ್ಯಾಂಟೀನಿನವಳು ಕಳಿಸಿದ ಹೆಂಗಸು ಯಾವ ಬಸ್ ಹತ್ತಿದ್ಲು ಅಂತ ಕೇಳು. ಹೋಗೋ, ಓಡು." ಫೋನಿಟ್ಟರು. ಮೊನ್ನೆ ಹೋದ ಬಸ್ಸಿನ ಹಿಂದೆ ಇವತ್ತು ಓಡಿ ಏನು ಪ್ರಯೋಜನವೆಂದು ಇಬ್ಬರಿಗೂ ಗೊತ್ತಿತ್ತು.

"ಫೋಟೊ ಹಾಕು," ಎಂದರು. "ಎಡಗೆನ್ನೆ ಕಾಣುತ್ತಲ್ಲ ಅದರಲ್ಲಿ."

"ಸಾರ್, ಅದರಲ್ಲಿ..."

"ಹಾಕಪ್ಪ."

ಡಿಸೈನರ್ ಹಾಕಿದ. ಹೂಗುಚ್ಛ ಬಂತು, ಮೀಟರಿನವರು ಬಂದರು, ಸಹೋದ್ಯೋಗಿಗಳು ಬಂದರು. ಅವರನ್ನೆಲ್ಲ ದಾಟಿಸಿ ತುದಿಗೆ ಹೋದ. ಮುಖ ಬಂತು. "ಇನ್ನೂ," ಎಂದರು ಮೀಟರಿನವರು. ಕೆನ್ನೆ ಬಂತು. "ಇನ್ನೂ." ಕೆನ್ನೆ ಹೋಗಿ ಚೌಕಗಳು ಬಂದವು. ಕಂದು, ತಿಳಿಕಂದು, ಬೂದು. ನಡುವೆ ಒಂದು ಚೌಕ ಉಳಿದವಕ್ಕಿಂತ ಸ್ವಲ್ಪ ಕಪ್ಪಗಿತ್ತು.

"ಅದು?"

"ನೆರಳಿರಬಹುದು. ಫೋನಿನ ಕ್ಯಾಮೆರಾ ಮಾಡಿಕೊಂಡ ಕಲೆ ಇರಬಹುದು."

"ಮಚ್ಚೆ ಇರಬಹುದು."

"ಇರಬಹುದು ಸಾರ್."

"ಸರಿ ಮಾಡೋಕಾಗಲ್ವೇನಪ್ಪ? ಚೂರು ಸ್ಪಷ್ಟ ಮಾಡೋಕೆ? ಏನೇನೋ ಬಂದಿದೆ ಅಂತಾರಲ್ಲ ಈಗ."

"ಮಾಡಬಹುದು ಸಾರ್. ಆದ್ರೆ ಅದು ಊಹೆ ಮಾಡಿ ತುಂಬುತ್ತೆ. ಮಚ್ಚೆ ಬೇಕು ಅಂದ್ರೆ ಮಚ್ಚೆ ಬರುತ್ತೆ, ಬೇಡ ಅಂದ್ರೆ ಹೋಗುತ್ತೆ. ನಿಜ ಹೇಳಲ್ಲ."

ಮೀಟರಿನವರು ಕನ್ನಡಕ ತೆಗೆದು ಪರದೆಯ ಹತ್ತಿರಕ್ಕೆ ಬಗ್ಗಿದರು, ಕತ್ತಲ ಮೂಲೆಯ ಮೀಟರಿಗೆ ಬಗ್ಗುತ್ತಿದ್ದ ಹಾಗೆ. ಮೊದಲು ತಮ್ಮ ಕೆನ್ನೆ ಮುಟ್ಟಿಕೊಂಡರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಎದುರು ನಿಂತವರ ಎಡ ಯಾವುದೆಂದು ಲೆಕ್ಕ ಹಾಕುತ್ತ. ಆಮೇಲೆ ಕೈ ಚಾಚಿ ಆ ಕಪ್ಪು ಚೌಕದ ಮೇಲೆ ಬೆರಳಿಟ್ಟರು. ಒತ್ತಿದಲ್ಲಿ ಪರದೆ ಬಣ್ಣಬಣ್ಣವಾಗಿ ಕದಡಿತು.

"ಮಚ್ಚೆ ಇದ್ದಿದ್ರೆ ಕೈಗೆ ಸಿಗ್ತಿತ್ತು," ಎಂದರು. "ಮುಖ ತೊಳೆಸುವಾಗ ಕೈಗೆ ಸಿಗ್ತಿತ್ತು, ಅಲ್ವಾ?"

ಮಷೀನು ಬಿಸಿಯಾಗಿ ಕಾಯುತ್ತ ಗುಂಯ್‌ಗುಡುತ್ತಿತ್ತು. ನೂರು ಹಾಳೆ ಟ್ರೇಯಲ್ಲಿದ್ದವು. ಪಕ್ಕದಲ್ಲೇ ತೆರೆದಿದ್ದ ಪೋಸ್ಟರಿನಲ್ಲಿ, ಗುರುತಿನ ಸಾಲಿನ ಕೊನೆಯಲ್ಲಿ ಕರ್ಸರ್ ಮಿನುಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮೀಟರಿನವರು ಕೈ ತೆಗೆದರು. ಕದಡಿದ ಬಣ್ಣ ತಿಳಿಯಾಗಿ ಚೌಕಗಳು ಮತ್ತೆ ತಂತಮ್ಮ ಜಾಗಕ್ಕೆ ಬಂದವು. ಡಿಸೈನರ್ ಫೋಟೊವನ್ನು ಮೊದಲಿನ ಅಳತೆಗೆ ತಂದ. ಮಂಜಿನಂಥ ಮುಖ ವಾಪಸು ಬಂತು. ಅದರ ಎಡಗೆನ್ನೆಯ ಮೇಲೆ, ಗಾಜಿನಲ್ಲಿ, ಅಂಟಿನ ಬೆರಳು ಬಿಟ್ಟ ಒಂದು ಸಣ್ಣ ಕಲೆ ಉಳಿದಿತ್ತು.