ಕುಲಾವಿಯ ಅಳತೆ

ನಮ್ಮ ಓಣಿಯ ದರ್ಜಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದು ಸ್ನಾನಕ್ಕೆ ಮಾತ್ರ. ಅದೂ ಹೆಂಡತಿ ಗದರಿದರೆ. ನಲವತ್ತು ವರ್ಷ ಹೊಲಿಗೆಯಂತ್ರ ತುಳಿದ ಅವರ ಬಲಗಾಲು ನಿಂತಲ್ಲೂ ತಾಳ ಹಾಕುತ್ತಿರುತ್ತದೆ, ಯಾವ ಮಾತಿಗೂ ಮುನ್ನ "ಅಳತೆ ಆಗ್ಲಿ ಮೊದ್ಲು" ಎಂಬುದು ಬಾಯಿಗೆ ಬಂದೇ ಬರುತ್ತದೆ. ಇಂಥ ಮನುಷ್ಯ ಅರವತ್ತರ ಹೊಸ್ತಿಲಲ್ಲಿ ಟರಾಂಟುಲಾ ಎಂಬ ಅಂಗೈಯಗಲದ, ರೋಮಭರಿತ ಜೇಡವೊಂದನ್ನು ಸಾಕಲು ಆಸೆಪಟ್ಟು, ನಾಲ್ಕು ವರ್ಷ ಅದರ ಬಗ್ಗೆ ಓದಿದರು.

ಓದಿದ್ದನ್ನೆಲ್ಲ ಗಿರಾಕಿಗಳ ಅಳತೆಪುಸ್ತಕದಲ್ಲೇ ಬರೆದಿಟ್ಟರು. ಯಾರದೋ ಎದೆಸುತ್ತು, ತೋಳುದ್ದಗಳ ಕೆಳಗೆ ಜೇಡದ ಕಾಲುಗಳ ಹರವು, ಗಾಜಿನ ಪೆಟ್ಟಿಗೆಯ ಅಗಲ, ಅದರ ಎತ್ತರ ಏಕೆ ಹೆಚ್ಚಿರಬಾರದೆಂಬ ವಿವರ: ಮೇಲಿನಿಂದ ಬಿದ್ದರೆ ಪಾಪ, ಹೊಟ್ಟೆ ಒಡೆಯುತ್ತದಂತೆ. ಬೆಳೆದಂತೆ ಪೊರೆ ಕಳಚಿ ಹೊಸತನ್ನು ತೊಡುತ್ತದೆಂದು ಓದಿದ ದಿನ ನನ್ನನ್ನು ಅಂಗಡಿಗೆ ಕೂಗಿ ಕರೆದು, "ನೋಡಿ ಸಾರ್, ತನ್ನ ಅಂಗಿ ತಾನೇ ಹೊಲ್ಕೊಳ್ಳೋ ಗಿರಾಕಿ! ಆಲ್ಟರೇಷನ್ ಅಂತ ಪ್ರಾಣ ತಿನ್ನಲ್ಲ" ಎಂದು ನಕ್ಕರು. ಹೆಣ್ಣಾದರೆ ಇಪ್ಪತ್ತು ವರ್ಷ ಬದುಕೀತೆಂಬ ಸಾಲಿನಡಿ ಮಾತ್ರ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದರು.

ಪೆಟ್ಟಿಗೆ ಬಂತು, ತಳಕ್ಕೆ ನಾರಿನ ಪುಡಿ ಬಂತು, ಅಡಗಲು ಮರದ ತೊಗಟೆ ಬಂತು, ನೀರಿಡಲು ಬಾಟಲಿಯ ಮುಚ್ಚಳ ಬಂತು. ಬೆಳಕು ಒಗ್ಗದ ಜೀವವೆಂದು ಪೆಟ್ಟಿಗೆಗೆ ಕಪ್ಪು ಗವಸು ಹೊಲಿಯಲು ಕುಳಿತಾಗ, ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಡತಿ, "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ, ಹಾಗಾಯ್ತು ನಿಮ್ಮ ಕಥೆ" ಎಂದರು. ನಾನು ಗಹಗಹಿಸಿದೆ. ಅವರಿಬ್ಬರೂ ನಗಲಿಲ್ಲ, ಆಕೆಯ ಸೂಜಿ ನಿಂತಿತು, ದರ್ಜಿಯ ಬಲಗಾಲೂ ನಿಂತಿತು. ಮೂವತ್ತು ವರ್ಷದ ಹಿಂದೆ ದರ್ಜಿ ಹಳದಿ ಬಟ್ಟೆಯಲ್ಲಿ ನಿಜಕ್ಕೂ ಒಂದು ಕುಲಾವಿ ಹೊಲಿದಿದ್ದರೆಂದೂ, ಅದನ್ನು ತೊಡಬೇಕಾದ ಕೂಸು ಉಳಿಯಲಿಲ್ಲವೆಂದೂ ಆಮೇಲೆ ನನ್ನ ಅಕ್ಕ ಹೇಳಿದಳು. ಆ ನಗೆಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಕಳೆದ ತಿಂಗಳು ಜೇಡ ಮಾರುವವನ ಮನೆಗೆ ನನ್ನನ್ನೂ ಕರೆದೊಯ್ದರು. ಹೆಣ್ಣು ಜೇಡ, ಕಂದು ಮೈ, ಕಾಲಗಂಟುಗಳಲ್ಲಿ ಕಿತ್ತಳೆ ಪಟ್ಟಿ. ದರ್ಜಿ ಗಾಜಿನ ಹೊರಗಿನಿಂದಲೇ ಟೇಪು ಹಿಡಿದರು. ಎಲ್ಲವೂ ಅಳತೆಗೆ ಸರಿಯಾಗಿತ್ತು.

"ಇಪ್ಪತ್ತು ವರ್ಷ ಖಂಡಿತ ಇರುತ್ತೆ ತಾನೇ?" ಎಂದು ಕೇಳಿದರು.

"ಜೀವ ಅಲ್ವಾ ಯಜಮಾನ್ರೇ, ಖಂಡಿತ ಅಂತ ಯಾರ್ ಹೇಳ್ತಾರೆ?" ಎಂದ ಮಾರುವವ.

ದರ್ಜಿ ಮೆಲ್ಲನೆ ಟೇಪನ್ನು ಕೊರಳಿಗೆ ಹಾಕಿಕೊಂಡರು. ಬರಿಗೈಯಲ್ಲಿ ಮರಳಿದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲಿ?" ಎಂದರು. "ಇನ್ನೊಂಚೂರು ಓದ್ಬೇಕು ಕಣೇ" ಎಂದರು ದರ್ಜಿ. ಒಳಗೆ ಪೆಟ್ಟಿಗೆಯಲ್ಲಿ ನೀರಿನ ಮುಚ್ಚಳವನ್ನು ಆಕೆ ಆಗಲೇ ತುಂಬಿಸಿಟ್ಟಿದ್ದರು.

ಅಳೆದೂ ಸುರಿದೂ ಕಾಲ ಕಳೆಯುವವರೆಂದು ನಾವು ಇಂಥವರನ್ನು ಆಡಿಕೊಳ್ಳುತ್ತೇವೆ, ಅವರಿಗೆ ಆಸೆಯೇ ಸಾಲದೆಂದು ಭಾವಿಸುತ್ತೇವೆ. ಆಸೆಗೇನೂ ಕೊರತೆಯಿಲ್ಲ. ಒಮ್ಮೆ ಅಂದಾಜಿನ ಮೇಲೆ ಕುಲಾವಿ ಹೊಲಿದವರು ಮತ್ತೆ ಅಂದಾಜಿಗೆ ಕತ್ತರಿ ಆಡಿಸಲಾರರು.